ಸುಮ್ನಿರೂರಿನ ಕಣ್ಣು

ಫೆಬ್ರವರಿ 9

ಅಕ್ಕಾ,

ನಿನ್ನ ಮಗಳು ಮೆಣಸು ಚೆನ್ನಾಗಿದ್ದಾಳೆ. ಚೆನ್ನಾಗಿಲ್ಲದಿರುವುದು ನನ್ನ ತಲೆ. ಇದನ್ನು ಫೋನಿನಲ್ಲೇ ಹೇಳಬಹುದಿತ್ತು, ಆದರೆ ನಾವಿಬ್ಬರೂ ಫೋನಿನಲ್ಲಿ ಐದು ನಿಮಿಷ ದಾಟಿದರೆ ಜಗಳಕ್ಕೆ ಬೀಳುತ್ತೇವೆ. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕುವಂತಿಲ್ಲ.

ಆರು ವರ್ಷದ ಮಗುವಿಗೆ ದಿನಕ್ಕೆ ಎಷ್ಟು ಕಥೆ ಬೇಕು ಅಂತ, ಅವಳನ್ನು ನನ್ನ ಹತ್ತಿರ ಬಿಟ್ಟು ಕೆಲಸಕ್ಕೆ ಹೋಗುವಾಗ ಯಾಕೆ ಹೇಳಲಿಲ್ಲ ನೀನು? ನನಗೆ ಬರುತ್ತಿದ್ದ ರಾಜ, ರಾಣಿ, ನರಿ ಎಲ್ಲ ಜನವರಿಯಲ್ಲೇ ಖಾಲಿ. "ಮತ್ತೆ ಅದೇ ನರಿನಾ?" ಅಂತ ಮುಖ ಗಂಟು ಹಾಕಿಕೊಳ್ಳುತ್ತಾಳೆ. ಕೊನೆಗೆ ನಿನ್ನ ಕಪಾಟಿಗೆ ಕೈ ಹಾಕಿದೆ. ಓದುವ ಕಾಲದಲ್ಲಿ ಕೊಂಡು, ಊಟದ ಮೇಜು ಗುದ್ದಿ ಗುದ್ದಿ ನಮ್ಮೆಲ್ಲರ ಜೊತೆ ವಾದ ಮಾಡುತ್ತಿದ್ದೆಯಲ್ಲ, ಆ ಕಪ್ಪು ರಟ್ಟಿನ ಕಾದಂಬರಿಗಳು. ಒಂದರಲ್ಲಿ ಸರ್ಕಾರ ಗೋಡೆಯೊಳಗಿಂದ ಜನರನ್ನು ನೋಡುತ್ತದೆ. ಇನ್ನೊಂದರಲ್ಲಿ ಪುಸ್ತಕ ಸುಡುತ್ತಾರೆ. ಮತ್ತೊಂದರಲ್ಲಿ ಮನುಷ್ಯರಿಗೆ ಹೆಸರೇ ಇಲ್ಲ, ನಂಬರು, ಮನೆಗಳೆಲ್ಲ ಗಾಜಿನವು. ಮಾತ್ರೆ ನುಂಗಿ ಖುಷಿಯಾಗಿರುವವರದ್ದೂ ಒಂದಿದೆ. ಮಗುವಿಗೆ ಹೇಳುವಂಥದ್ದು ಒಂದೂ ಇಲ್ಲ. ಆದರೆ ಹೊಲಿಗೆಯವಳಿಗೆ ಒಂದು ಧೈರ್ಯ ಇರುತ್ತದೆ. ದೊಡ್ಡವರ ಕೋಟು ಎಂಥದ್ದೇ ಇರಲಿ, ಬಿಚ್ಚಿ ಕತ್ತರಿಸಿದರೆ ಮಗುವಿಗೊಂದು ಅಂಗಿಯಂತೂ ಆಗುತ್ತದೆ.

ಹಾಗೆ ಹೊಲಿದದ್ದು ಸುಮ್ನಿರೂರು. ಆ ಊರಲ್ಲಿ ಯಾರು ಏನು ಕೇಳಿದರೂ ಉತ್ತರ ಒಂದೇ, "ಸುಮ್ನಿರು." ಮನೆಗಳು ಗಾಜಿನವೇ, ಜನಕ್ಕೆ ನಂಬರೇ. ಪುಸ್ತಕ ಸುಟ್ಟರೆ ಮಗು ಹೆದರೀತು ಅಂತ ಅದನ್ನು ಮಾತ್ರ ಬದಲಾಯಿಸಿದೆ. ಊರಿನ ದೊಡ್ಡ ಹಂಡೆಯಲ್ಲಿ ಪುಸ್ತಕಗಳನ್ನು ಬೇಯಿಸಿ ಎಲ್ಲರಿಗೂ ಲೋಟದಲ್ಲಿ ಕುಡಿಸುತ್ತಾರೆ. ಮೆಣಸು, "ಚಿಕ್ಕಮ್ಮ, ಹಾಗಾದ್ರೆ ಕಥೆ ಎಲ್ಲಾ ಹೊಟ್ಟೇಲಿರುತ್ತೆ. ಅದಕ್ಕೇ ಹೊಟ್ಟೆ ಗುರ್ ಅನ್ನೋದು" ಅಂದಳು. ಈಗ ನನ್ನ ಹೊಟ್ಟೆ ಗುರ್ ಎಂದಾಗಲೆಲ್ಲ ಕಿವಿ ಇಟ್ಟು ಕೇಳುತ್ತಾಳೆ. "ಇವತ್ತು ನರಿದು, ಬೇಡ" ಅಂತ ಎದ್ದು ಹೋಗುತ್ತಾಳೆ. ಮಾತ್ರೆಯ ಬದಲು ಪೆಪ್ಪರಮೆಂಟು ಹಂಚುತ್ತಾರೆ. ಬಾಯಿ ತುಂಬಿದ್ದರೆ ಯಾರೂ ಪ್ರಶ್ನೆ ಕೇಳುವುದಿಲ್ಲ. ಇದು ಅವಳದ್ದೇ ಉಪಾಯ, ಪೆಪ್ಪರಮೆಂಟು ತಂದು ಹಂಚಿದ ಖರ್ಚು ಮಾತ್ರ ನನ್ನದು.

ಅಲ್ಲಿಂದಲೇ ಮಗುವನ್ನು ನೋಡಲು ಅಂತ ನೀನು ಕಪಾಟಿನ ಮೇಲೆ ಇಟ್ಟು ಹೋದ ಕ್ಯಾಮೆರಾ ಹಾಗೇ ಇದೆ. ಮಗು ಹೊಂದಿಕೊಳ್ಳುವವರೆಗೆ, ಒಂದು ತಿಂಗಳು ಮಾತ್ರ, ಆಮೇಲೆ ಆ ಕಡೆಯಿಂದ ನಾನೇ ನಿಲ್ಲಿಸುತ್ತೇನೆ ಅಂತ ನೀನು ಅಂದಿದ್ದೆ. ತಿಂಗಳು ಕಳೆಯಿತು. ಈಗ ಅದರ ಕುತ್ತಿಗೆಗೆ ಅಳತೆ ಟೇಪು ನೇತು ಹಾಕುತ್ತೇನೆ.

ಗೋದಾಮಿನ ಆಫೀಸಿನ ಕೆಲಸ ಹೇಗಿದೆ? ಕೂತು ಮಾಡುವ ಕೆಲಸ ಅಂದೆಯಲ್ಲ, ನಡುನಡುವೆ ಎದ್ದು ಓಡಾಡು.

ನಿನ್ನ ಸೂಜಿ


ಫೆಬ್ರವರಿ 24

ಸೂಜಿ,

ಆ ಪುಸ್ತಕಗಳು ಮಕ್ಕಳಿಗಲ್ಲ. ನರಿ ಖಾಲಿಯಾದರೆ ಕರಡಿ ಇದೆ.

ಮೂರು ಭಾನುವಾರದಿಂದ ಅವಳು ವಿಡಿಯೋ ಕಾಲಿಗೆ ಬಂದಿಲ್ಲ. ಒಮ್ಮೆ ಮಲಗಿದ್ದಾಳೆ ಅಂದೆ. ಒಮ್ಮೆ ಪಕ್ಕದ ಮನೆಗೆ ಹೋಗಿದ್ದಾಳೆ ಅಂದೆ. ಕಳೆದ ವಾರ ಸ್ನಾನ ಮಾಡುತ್ತಿದ್ದಾಳೆ ಅಂದಾಗ ನಿನ್ನ ಹಿಂದಿನಿಂದಲೇ ಅವಳ ನಗು ಕೇಳಿಸಿತು. ನನ್ನ ಮೇಲೆ ಕೋಪವಿದ್ದರೆ ಹೇಳಲಿ, ಬೈಯಲಿ. ಅವಳ ದನಿ ಕೇಳದೆ ನನಗೆ ತಲೆ ಕೆಟ್ಟುಹೋಗುತ್ತಿದೆ.

ಒಳ್ಳೆಯ ಸುದ್ದಿ ಒಂದಿದೆ. ಎರಡು ಕೋಣೆಯ ಮನೆ ಸಿಕ್ಕಿದೆ, ಮೂರನೇ ಮಹಡಿ, ಅಡುಗೆಮನೆಯ ಕಿಟಕಿಯಿಂದ ಶಾಲೆಯ ಅಂಗಳ ಕಾಣುತ್ತದೆ. ಮೇ ಕೊನೆಯಲ್ಲಿ ಬಂದು ಅವಳನ್ನು ಕರೆದುಕೊಂಡು ಬರುತ್ತೇನೆ. ಈಗಿನಿಂದಲೇ ಅವಳ ಕಿವಿಗೆ ಹಾಕುತ್ತಿರು. ಬಸ್ಸಿನ ಬಾಗಿಲಲ್ಲಿ ಮಗುವನ್ನು ಎಳೆದಾಡುವ ತಾಯಿ ನಾನಾಗಲಾರೆ. ಅವಳಪ್ಪ ಬೇರೆ ಸಂಸಾರ ಕಟ್ಟಿಕೊಳ್ಳಲು ಹೋದ ದಿನ ಅವಳು ಅತ್ತದ್ದು ನಿನಗೂ ಗೊತ್ತು. ಈ ಸಲ ಅವಳಾಗಿಯೇ ಬರಬೇಕು. ಅವಳು ಒಲ್ಲೆ ಅಂದರೆ ನಾನು ಇಷ್ಟು ದೂರ ಬಂದು ಒದ್ದಾಡಿದ್ದಕ್ಕೆ ಅರ್ಥವೇ ಇಲ್ಲ.

ಕೆಲಸ ಆಫೀಸಿನ ಕೆಲಸವೇ, ಹೇಳುವಂಥದ್ದೇನಿಲ್ಲ. ಕಣ್ಣು ಉರಿಯುತ್ತದೆ ಅಷ್ಟೇ. ಅಂದ ಹಾಗೆ ಮಂಚವನ್ನು ಕಿಟಕಿಯ ಪಕ್ಕ ಹಾಕಬೇಡ, ಅವಳಿಗೆ ಬೇಗ ಶೀತವಾಗುತ್ತದೆ.

ಅಕ್ಕ


ಮಾರ್ಚ್ 8

ಅಕ್ಕಾ,

ಕರಡಿಯನ್ನು ಪ್ರಯತ್ನಿಸಿದೆ. "ಕರಡಿ ಸುಮ್ನಿರೂರಿಗೆ ಬಂದ್ರೆ ಅದಕ್ಕೆ ಯಾವ ನಂಬರು ಕೊಡ್ತಾರೆ?" ಅಂತ ಕೇಳಿದಳು. ಅಲ್ಲಿಗೆ ಕರಡಿಯ ಕಥೆ ಮುಗಿಯಿತು.

ಊರು ಬೆಳೆಯುತ್ತಿದೆ. ನಂಬರುಗಳಿಗೆ ಮದುವೆಯಾಗಿದೆ. ಏಳಕ್ಕೂ ಎಂಟಕ್ಕೂ ಮಾತುಕತೆ ಆಗಿತ್ತು, ಎಂಟು ದಪ್ಪ ಅಂತ ಏಳು ಒಪ್ಪಲಿಲ್ಲವಂತೆ. ಊರ ನಡುವೆ ಮೊದಲಿನಿಂದಲೇ ಒಂದು ಗೋಪುರ ಕಟ್ಟಿದ್ದೇನೆ, ಹಿಂದಿನ ಕಾಗದದಲ್ಲಿ ಅದನ್ನು ಬರೆದಿರಲಿಲ್ಲ. ಗೋಪುರದ ಮೇಲೆ ಕಣ್ಣು. ರೆಪ್ಪೆಯೇ ಇಲ್ಲದ ಕಣ್ಣು, ಅದಕ್ಕೆ ನಿದ್ದೆಯಿಲ್ಲ. ಯಾರು ಎಲ್ಲಿ ಏನು ಮಾಡಿದರೂ ಅದಕ್ಕೆ ಕಾಣುತ್ತದೆ. ಅದರ ಮುಂದೆ ನಿಂತು ಏನಾದರೂ ಹೇಳಿದರೆ ಆ ಮಾತು ಅದಕ್ಕೇ ಸೇರಿಹೋಗುತ್ತದೆ, ಹೇಳಿದವರಿಗೆ ಮತ್ತೆ ಸಿಗುವುದಿಲ್ಲ. ಈ ಭಾಗ ನನಗೇ ಬಹಳ ಹಿಡಿಸಿತು. ಕಣ್ಣು ಬಂತು ಅಂದರೆ ಸಾಕು, ನನ್ನ ಸೀರೆಯ ಸೆರಗಿನೊಳಗೆ ನುಗ್ಗಿ ಕೂರುತ್ತಾಳೆ. ಹೆದರಿಕೆಯೂ ಹೌದು, ಇನ್ನೂ ಹೇಳು ಅನ್ನುವುದೂ ಹೌದು. ಹೀಗೇ ಎಳೆದರೆ ಈ ಊರು ಇನ್ನೂ ನಾಲ್ಕು ವರ್ಷಕ್ಕೆ ಸಾಕು.

ವಿಡಿಯೋ ಕಾಲಿನ ವಿಷಯ ಮನಸ್ಸಿಗೆ ಹಚ್ಚಿಕೊಳ್ಳಬೇಡ. ಮಕ್ಕಳು, ಅವರ ಹುಚ್ಚು ಅವರಿಗೆ. ತಾನಾಗಿಯೇ ಸರಿಹೋಗುತ್ತದೆ.

ಮೇ ಕೊನೆ ಅಂದರೆ ವಿಪರೀತ ಸೆಕೆ, ಅಷ್ಟು ದೂರದ ಪ್ರಯಾಣ ಮಗುವಿಗೆ ಆಗುತ್ತದೋ ಇಲ್ಲವೋ. ನೋಡೋಣ.

ಸೂಜಿ


ಮಾರ್ಚ್ 19

ಸೂಜಿ,

ಸುತ್ತಿ ಬಳಸಿ ಬರೆಯುವ ತಾಳ್ಮೆ ಇಲ್ಲ. ಮಗುವನ್ನು ಯಾಕೆ ಗೋಡೆಗೆ ಮುಖ ಮಾಡಿ ನಿಲ್ಲಿಸುತ್ತಿದ್ದೀಯ? ದಿನಾ ಸಂಜೆ, ಹೊಲಿಗೆ ಮಷೀನಿನ ಪಕ್ಕ. ಮೊನ್ನೆ ಆ ಹಳದಿ ಫ್ರಾಕು ತೊಟ್ಟುಕೊಂಡು ನಿಂತು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು, ಭುಜ ಎರಡೂ ಕುಣಿಯುತ್ತಿದ್ದವು. ನೀನು ಅವಳಿಗೆ ಬೆನ್ನು ಹಾಕಿ ಗುಂಡಿ ಹೊಲಿಯುತ್ತಾ ಕೂತಿದ್ದೆ. ಒಮ್ಮೆಯಾದರೂ ತಿರುಗಿ ನೋಡಲಿಲ್ಲ. ನನ್ನ ತಂಗಿಗೆ ಇಂಥ ಕಲ್ಲು ಮನಸ್ಸು ಅಂತ ಗೊತ್ತಿದ್ದರೆ ಅವಳನ್ನು ಬಿಟ್ಟು ಬರುತ್ತಿರಲಿಲ್ಲ.

ಕಂದು ಲಂಗ, ಬಿಳಿ ಕಾಲರಿನ ಅಂಗಿ. ಅದು ನಿಮ್ಮ ಬೀದಿಯ ಶಾಲೆಯ ಯೂನಿಫಾರ್ಮು. ಅವಳಿಗೆ ಯಾಕೆ ತೊಡಿಸಿ ನೋಡಿದೆ? ಮೇ ತಿಂಗಳ ಸೆಕೆ ಈಗ ಅರ್ಥವಾಯಿತು.

ಇನ್ನು ಆ ಕಣ್ಣು. ನನ್ನ ಕೆಲಸದ ಬಗ್ಗೆ ನಿನಗೆ ಯಾರು ಹೇಳಿದರು? ಹಂಗಿಸುವುದಿದ್ದರೆ ನನ್ನ ಮುಂದೆ ಹಂಗಿಸು. ಮಗುವಿಗೆ ತಾಯಿಯನ್ನೇ ಗುಮ್ಮ ಮಾಡಿ ತೋರಿಸುವ ಕೆಲಸ ಬೇಡ.

ಅಕ್ಕ


ಮಾರ್ಚ್ 27

ಅಕ್ಕಾ,

ಹಳದಿ ಫ್ರಾಕು ನಾನು ಹೊಲಿದದ್ದು ಈ ತಿಂಗಳು. ಅದರ ಬಗ್ಗೆ ನಿನಗೆ ಒಂದು ಮಾತೂ ಬರೆದಿರಲಿಲ್ಲ. ನಿನ್ನ ಹಿಂದಿನ ಕಾಗದ ತೆಗೆದು ಮತ್ತೆ ಓದಿದೆ. ಮಂಚ ಕಿಟಕಿಯ ಪಕ್ಕಕ್ಕೆ ಬಂದದ್ದೂ ನಾನು ಬರೆದಿರಲಿಲ್ಲ. ಎಷ್ಟು ಪೆದ್ದಿ ನಾನು! ಆ ಕ್ಯಾಮೆರಾದ ಕುತ್ತಿಗೆಗೆ ಟೇಪು ಹಾಕಿ, ಅದರ ಮುಂದೆ ತಲೆ ಬಾಚಿಕೊಂಡು, ನಿನ್ನನ್ನು ನೆನೆದು ಒಮ್ಮೆ ಅತ್ತದ್ದು, ಎಲ್ಲವನ್ನೂ ನೀನು ಕೂತು ನೋಡಿದೆ. ನಿಲ್ಲಿಸುತ್ತೇನೆ ಅಂತ ಮಾತು ಕೊಟ್ಟೂ ನೋಡಿದೆ. ವೈರು ಕಿತ್ತು ಹಾಕಿದ್ದೇನೆ. ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದ್ದೇನೆ.

ಈಗ ಕೇಳು. ಅವಳು ಅಳುತ್ತಿರಲಿಲ್ಲ. ನಗುತ್ತಿದ್ದಳು.

ಸುಮ್ನಿರೂರಿನಲ್ಲಿ ಮನೆಗಳೆಲ್ಲ ಗಾಜಿನವು ಅಂದೆನಲ್ಲ. "ಹಾಗಾದ್ರೆ ಒಬ್ಬರೇ ಇರ್ಬೇಕು ಅನಿಸಿದ್ರೆ ಏನ್ಮಾಡ್ತಾರೆ?" ಅಂತ ಕೇಳಿದಳು. ಆಮೇಲೆ ಕಥೆಯೊಳಗೆ ಅವಳೇ ಒಂದು ಮಣ್ಣಿನ ಗೋಡೆ ಕಟ್ಟಿದಳು. ಊರಿಗೆಲ್ಲ ಒಂದೇ ಗೋಡೆ. ಅದಕ್ಕೆ ಮುಖ ಮಾಡಿ ನಿಂತವರು ಊರಲ್ಲೇ ಇಲ್ಲ ಅಂತ ಲೆಕ್ಕ. ಯಾರೂ ಕರೆಯುವಂತಿಲ್ಲ, ಯಾರೂ ನೋಡುವಂತಿಲ್ಲ. ಅದಕ್ಕೆ ಗೋಡೆ ರಜೆ ಅಂತ ಹೆಸರಿಟ್ಟಿದ್ದಾಳೆ. ದಿನಾ ಸಂಜೆ ಗೋಡೆ ರಜೆ ಹಾಕಿ, ಮಷೀನಿನ ಪಕ್ಕದ ಗೋಡೆಗೆ ಮುಖ ಮಾಡಿ ನಿಂತು ಏಳು-ಎಂಟರ ಜಗಳವನ್ನು ತಾನೇ ಎರಡು ದನಿಯಲ್ಲಿ ಆಡಿ, ತಾನೇ ಬಿದ್ದು ಬಿದ್ದು ನಗುತ್ತಾಳೆ. ನಾನು ಬೆನ್ನು ತಿರುಗಿಸಿ ಕೂರಬೇಕು, ಇಲ್ಲದಿದ್ದರೆ ರಜೆ ಕೆಡುತ್ತದೆ. ನಿನ್ನ ಕ್ಯಾಮೆರಾಗೆ ಕಿವಿ ಇಲ್ಲವಲ್ಲ, ನಿನಗೆ ಭುಜ ಮಾತ್ರ ಕಂಡಿತು.

ಯೂನಿಫಾರ್ಮು ಆ ಶಾಲೆಯ ಆರ್ಡರು. ಆ ವಯಸ್ಸಿನ ಮಗು ಕೈಗೆ ಸಿಕ್ಕಿತು, ಅಳತೆ ನೋಡಿದೆ.

ನಿನ್ನ ಕೆಲಸದ ವಿಷಯ ಏನದು? ಗೋದಾಮಿನ ಆಫೀಸು ಅಂದದ್ದು ನೀನೇ. ಅದಕ್ಕಿಂತ ಹೆಚ್ಚು ನನಗೆ ಯಾರೂ ಹೇಳಿಲ್ಲ. ಕಣ್ಣು ಬಂದದ್ದು ನಿನ್ನ ಪುಸ್ತಕದಿಂದ.

ಸೂಜಿ


ಏಪ್ರಿಲ್ 15

ಸೂಜಿ,

ಬಹಳ ದಿನ ಬರೆಯಲಾಗಲಿಲ್ಲ. ಮೂರು ಸಲ ಶುರು ಮಾಡಿ ಹರಿದು ಹಾಕಿದೆ.

ನನ್ನ ಕೆಲಸ ಹೀಗಿದೆ. ಬಂದರಿನ ಪಕ್ಕ ಗೋದಾಮುಗಳ ಸಾಲು. ಅದರ ನಡುವೆ ಕಿಟಕಿಯಿಲ್ಲದ ಒಂದು ಕೋಣೆ. ಗೋಡೆ ತುಂಬ ಪರದೆಗಳು, ಗೋದಾಮಿನ ಮೂಲೆ ಮೂಲೆಯೂ ಅದರಲ್ಲಿ ಕಾಣುತ್ತದೆ. ನಾನು ಅದರ ಮುಂದೆ ಕೂತು ನೋಡುತ್ತೇನೆ. ನೋಡುವುದೇ ಕೆಲಸ. ಓಡಾಡುವವರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡ, ಸುಮ್ಮನೆ ನಿಂತವರನ್ನು ನೋಡು ಅಂತ ಮೊದಲ ದಿನವೇ ಕಲಿಸಿದರು. ಗೋಡೆಗೆ ಮುಖ ಮಾಡಿ ನಿಂತರೆ ಏನೋ ಬಚ್ಚಿಡುತ್ತಿದ್ದಾರೆ ಅಂತ ಅರ್ಥ, ಕಾವಲಿನವರನ್ನು ಕರೆಯುವ ಗುಂಡಿ ಒತ್ತು. ಪರದೆಗಳಿಗೆ ದನಿ ಇಲ್ಲ. ಆ ಪುಸ್ತಕಗಳನ್ನೆಲ್ಲ ಓದಿ, ಮೇಜು ಗುದ್ದಿ ಊರಿಗೆಲ್ಲ ಬುದ್ಧಿ ಹೇಳಿ, ಕೊನೆಗೆ ಗೋಪುರ ಹತ್ತಿ ಕೂತವಳು ನಾನೇ. ಇದನ್ನು ನಿನಗೆ ಹೇಗೆ ಹೇಳಲಿ? ಅದಕ್ಕೇ ಆಫೀಸು ಅಂದೆ. ಬಿಡುವಿನಲ್ಲಿ ಹೊರಗೆ ಬಂದರೆ ಕೈ ತಾನಾಗಿ ಫೋನಿಗೆ ಹೋಗಿ ನಿಮ್ಮ ಮನೆ ತೆರೆಯುತ್ತಿತ್ತು. ತಿಂಗಳು ಮುಗಿದಾಗ ನಿಲ್ಲಿಸೋಣ ಅಂದುಕೊಂಡೆ. ಆಗಲಿಲ್ಲ. ಅವಳು ಹಾಲಿನ ಲೋಟ ಎರಡೂ ಕೈಯಲ್ಲಿ ಹಿಡಿಯುವುದನ್ನು ಒಂದು ಸಲ ನೋಡಿದರೆ ಸಾಕು, ಆ ದಿನ ತಳ್ಳಬಹುದಿತ್ತು.

ನಿನ್ನ ಕಾಗದ ಬಂದ ಮೇಲೆ ಒಂದು ವಿಷಯ ನನ್ನನ್ನು ಕೂರಲು ಬಿಡುತ್ತಿಲ್ಲ. ಚಳಿಗಾಲದಲ್ಲಿ ಒಬ್ಬ ಮೂಟೆ ಹೊರುವವನು ಗೋಡೆಗೆ ಮುಖ ಮಾಡಿ ನಿಂತಿದ್ದ. ಭುಜ ಕುಣಿಯುತ್ತಿತ್ತು. ನಾನು ಗುಂಡಿ ಒತ್ತಿದೆ. ಕಾವಲಿನವರು ಓಡಿದರು, ಅವನನ್ನು ಕೆಲಸದಿಂದ ಕಳಿಸಿದರು, ನನ್ನ ಬೆನ್ನು ತಟ್ಟಿದರು. ನಿನ್ನ ಕಾಗದ ಓದಿದ ಮಾರನೆಯ ದಿನ ಮೇಲಿನವರ ಹತ್ತಿರ ಹೋಗಿ, ಅವನು ಅವತ್ತು ಏನು ಮಾಡುತ್ತಿದ್ದ ಅಂತ ವಿಚಾರಿಸಿದೆ. "ಗೊತ್ತಿಲ್ಲಮ್ಮ, ಯಾರೂ ಕೇಳಲಿಲ್ಲ" ಅಂದರು. ಅವನ ಮನೆ ಎಲ್ಲಿ ಅಂತಲೂ ಯಾರಿಗೂ ಗೊತ್ತಿಲ್ಲ.

ನನಗೆ ನಾಚಿಕೆಯಾಗಿದೆ. ನಿನ್ನ ಮೇಲೆ ಕಲ್ಲು ಮನಸ್ಸು ಅಂತ ಹೊರಿಸಿದ್ದಕ್ಕೂ, ಮಾತು ತಪ್ಪಿದ್ದಕ್ಕೂ.

ಫೋನಿನಲ್ಲಿ ನಿಮ್ಮ ಮನೆ ಈಗ ಕಪ್ಪು. ಅವಳು ಇವತ್ತು ಏನು ತೊಟ್ಟಿದ್ದಾಳೆ ಅಂತ ಗೊತ್ತಿಲ್ಲ. ಅವಳು ಬರಲಾರೆ ಅಂದರೆ ಮುಚ್ಚುಮರೆ ಮಾಡದೆ ಬರೆ. ಆ ಯೂನಿಫಾರ್ಮಿನ ಹೊಲಿಗೆ ಮುಗಿಸಿಬಿಡು. ನಾನು ಹೇಗೋ ಇರುತ್ತೇನೆ.

ಅಕ್ಕ


ಮೇ 4

ಅಕ್ಕಾ,

ನಿನ್ನ ಕಾಗದ ಬಂದು ದಿನಗಳಾದವು. ಅದನ್ನು ಬಟ್ಟೆ ತುಂಡುಗಳ ಕೆಳಗೆ ಇಟ್ಟು, ಬಂದೇ ಇಲ್ಲ ಅಂದುಕೊಂಡು ಓಡಾಡಿದೆ. ಈಗ ನಿಜ ಹೇಳುತ್ತೇನೆ, ಮಧ್ಯೆ ಬಾಯಿ ಹಾಕಬೇಡ.

ಯೂನಿಫಾರ್ಮು ಆರ್ಡರಿನದ್ದಲ್ಲ. ಅವಳಿಗೇ ಹೊಲಿದದ್ದು. ಜೂನಿನಲ್ಲಿ ಅವಳ ಕೈ ಹಿಡಿದು ಬೀದಿ ತುದಿಯ ಶಾಲೆಗೆ ಹೋಗುವುದನ್ನು ಎಷ್ಟು ಸಲ ಮನಸ್ಸಿನಲ್ಲಿ ನಡೆದಿದ್ದೇನೋ. ಅವಳು ವಿಡಿಯೋ ಕಾಲಿಗೆ ಬಾರದೇ ಇದ್ದದ್ದೂ ನನ್ನಿಂದಲೇ. ಫೋನಿನಲ್ಲೂ ಒಂದು ಚಿಕ್ಕ ಕಣ್ಣಿದೆಯಲ್ಲ. ಅದರ ಮುಂದೆ ಮಾತಾಡಿದರೆ ಮಾತು ಹೋಗಿಬಿಡುತ್ತದೆ ಅಂತ ನಂಬಿದ್ದಳು. ನನಗೆ ಗೊತ್ತಿತ್ತು. "ಹಾಗೇನಿಲ್ಲ ಮರೀ" ಅನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಅನ್ನಲಿಲ್ಲ. ಅವಳು ನನ್ನ ಸೆರಗಿನೊಳಗೆ ನುಗ್ಗುತ್ತಿದ್ದದ್ದು ನನಗೆ ಬೇಕಾಗಿತ್ತು.

ಕಳೆದ ವಾರ ಕಥೆ ಮುಂದುವರಿಸಿದೆ. ಗೋಪುರದ ಮೇಲಿರುವುದು ಬರಿಯ ಕಣ್ಣಲ್ಲ, ಒಬ್ಬ ಹೆಂಗಸು ಅಂದೆ. ಬೆಳಿಗ್ಗೆ ಊಟದ ಡಬ್ಬಿ ಹಿಡಿದು ಮೆಟ್ಟಿಲು ಹತ್ತುತ್ತಾಳೆ. ದಿನವಿಡೀ ನೋಡಿ ನೋಡಿ ಕಣ್ಣು ಉರಿಯುತ್ತದೆ. ಸಂಜೆ ಇಳಿದು ತನ್ನ ಮನೆಗೆ ಹೋಗುತ್ತಾಳೆ. ಮೆಣಸು ಸೆರಗಿನಿಂದ ತಲೆ ಹೊರಗೆ ಹಾಕಿದಳು.

"ಮನೇಲಿ ಅವಳನ್ನ ಯಾರು ನೋಡ್ತಾರೆ?"

"ಯಾರೂ ಇಲ್ಲ."

"ಜ್ವರ ಬಂದ್ರೆ?"

"ಆಗಲೂ ಯಾರೂ ಇಲ್ಲ."

"ಅವಳು ಊರಿಗೆ ಬಂದು ನಮ್ಮ ಜೊತೆ ಆಡಬಹುದಲ್ಲ?"

"ಕೆಲಸ ಬಿಟ್ಟು ಬಂದ್ರೆ ಊಟಕ್ಕೇನು ಮಾಡ್ತಾಳೆ?"

ತಲೆಯನ್ನು ಮತ್ತೆ ಸೆರಗಿನೊಳಗೆ ಎಳೆದುಕೊಂಡಳು. ಮಲಗಿದಳು ಅಂದುಕೊಂಡೆ. ಮಾರನೆಯ ದಿನ ನಾನು ಯಾರದ್ದೋ ರವಿಕೆಗೆ ತೋಳು ಜೋಡಿಸುತ್ತಿದ್ದೆ, ಬಂದು ಪಕ್ಕ ನಿಂತಳು. "ಅದು ಅಮ್ಮ ಅಲ್ವಾ?" ಅಂದಳು. ನಾನು ಹೇಳಿರಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಸುಳ್ಳು ಹೇಳಲೂ ಆಗಲಿಲ್ಲ, ತಲೆ ಆಡಿಸಿದೆ. ಅವಳು ದೊಡ್ಡ ಉಸಿರು ಬಿಟ್ಟು, ಆಫೀಸಿಗೆ ಹೊರಡುವವರ ಹಾಗೆ, "ಹಾಗಾದ್ರೆ ನಾನು ಹೋಗ್ಬೇಕಾಗುತ್ತೆ" ಅಂದಳು.

ಅಳಲಿಲ್ಲ, ರಂಪ ಮಾಡಲಿಲ್ಲ. ಫ್ರಾಕುಗಳನ್ನು ತಾನೇ ಮಡಚಿ ಇಟ್ಟುಕೊಂಡಿದ್ದಾಳೆ, ಅಡ್ಡಾದಿಡ್ಡಿಯಾಗಿ. ನಾನು ಬಿಚ್ಚಿ ಸರಿಯಾಗಿ ಮಡಚಿದರೆ ಮತ್ತೆ ಬಿಚ್ಚಿ ತನ್ನ ಹಾಗೆ ಮಡಚುತ್ತಾಳೆ. ನಿನ್ನ ಮೇಲೆ ಪ್ರೀತಿ ಉಕ್ಕಿ ಬರುತ್ತಿದ್ದಾಳೆ ಅಂದುಕೊಳ್ಳಬೇಡ. ನಿನ್ನನ್ನು ನೋಡಿಕೊಳ್ಳಲು ಬರುತ್ತಿದ್ದಾಳೆ.

ನನಗೆ ಹೊಟ್ಟೆ ಉರಿಯುತ್ತಿದೆ ಅಕ್ಕಾ. ನನ್ನ ಕೈಯಾರೆ ಕಟ್ಟಿದ ಊರು, ನನ್ನ ಮಡಿಲಿನಿಂದಲೇ ಅವಳನ್ನು ಎಬ್ಬಿಸಿಕೊಂಡು ಹೊರಟಿತು. ಆ ಹೆಂಗಸಿಗೆ ಬೇರೆ ಮಗು ಇದೆ ಅಂತ ಒಂದು ಸಾಲು ಸೇರಿಸಿದ್ದರೆ ಸಾಕಿತ್ತು, ಇವಳು ಇಲ್ಲೇ ಉಳಿಯುತ್ತಿದ್ದಳು. ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

ಬಾ. ಬಂದು ಕರೆದುಕೊಂಡು ಹೋಗು.

ಸೂಜಿ


ಜೂನ್ 21

ಸೂಜಿ,

ಇಲ್ಲಿಗೆ ಬಂದ ಮೊದಲ ದಿನಗಳಲ್ಲಿ ಅವಳು ಮಾತಾಡಿದ್ದು ಬಹಳ ಕಡಿಮೆ. ಕೇಳಿದ್ದಕ್ಕೆ ಉತ್ತರ, ಅಷ್ಟೇ. ಶಾಲೆಗೆ ಹೋದಳು, ಬಂದಳು, ಹಾಲು ಕುಡಿದಳು. ನಾನು ಮಾತ್ರ ಬಾಯಿಗೆ ಬಂದದ್ದೆಲ್ಲ ಮಾತಾಡಿ ಮಾತಾಡಿ ಸುಸ್ತಾಗುತ್ತಿದ್ದೆ. ಒಂದು ಸಂಜೆ ಸುಮ್ನಿರೂರಿನ ಕಥೆ ಹೇಳಲು ಹೋದೆ. "ನಿನಗೆ ಬರಲ್ಲ ಬಿಡಮ್ಮ" ಅಂದಳು. ಅಮ್ಮ ಅಂದಳಲ್ಲ, ಅದನ್ನೇ ಹಿಡಿದುಕೊಂಡು ಮಲಗಿದೆ.

ಕೆಲಸ ಅದೇ, ಕೋಣೆಯೂ ಅದೇ. ಈಗ ಗುಂಡಿ ಒತ್ತುವ ಮೊದಲು ಗೋದಾಮಿಗೆ ಫೋನು ಮಾಡಿ, ಅಲ್ಲಿ ನಿಂತವನನ್ನು ಹೋಗಿ ಕೇಳಿ ಬನ್ನಿ ಅನ್ನುತ್ತೇನೆ. ಮೇಲಿನವರಿಗೆ ಇದು ಹಿಡಿಸಿಲ್ಲ. ಎಷ್ಟು ದಿನ ನಡೆಯುತ್ತದೋ ಗೊತ್ತಿಲ್ಲ.

ಮೊನ್ನೆ ಕೆಲಸದಿಂದ ಬಂದವಳು ಚಪ್ಪಲಿಯನ್ನೂ ಬಿಡದೆ ಕುರ್ಚಿಯಲ್ಲಿ ಕುಸಿದೆ. ಹಿಂದಿನಿಂದ ಎರಡು ಅಂಗೈ ಬಂದು ನನ್ನ ಕಣ್ಣು ಮುಚ್ಚಿದವು. ಆಟ ಅಂದುಕೊಂಡು, "ಯಾರಪ್ಪಾ ಇದು?" ಅಂದೆ.

"ಆಟ ಅಲ್ಲಮ್ಮ. ನಿನ್ನ ಡ್ಯೂಟಿ ಮುಗೀತು. ಈಗ ನಾನು ನೋಡ್ತೀನಿ, ನೀನು ನೋಡ್ಬೇಡ."

ಎಷ್ಟು ಹೊತ್ತು ಹಾಗೆ ನಿಂತಿದ್ದಳೋ. ಅವಳ ಕೈ ಒದ್ದೆಯಾಗಿರಬೇಕು. ಮೆಲ್ಲಗೆ ಕಿವಿಯ ಹತ್ತಿರ ಬಂದು, "ಅಳ್ತಿದೀಯೋ, ನಗ್ತಿದೀಯೋ? ನಂಗೆ ಗೊತ್ತಾಗ್ತಿಲ್ಲ, ನೀನೇ ಹೇಳು" ಅಂದಳು. ಎರಡೂ ಅಂತ ಹೇಳಿದೆ. ಸರಿ ಅಂದಳು.

ಊಟಕ್ಕೆ ಕೂತಾಗ, "ಚಿಕ್ಕಮ್ಮ ಈಗ ಏನ್ಮಾಡ್ತಿರ್ತಾಳೆ?" ಅಂದಳು. ಗೊತ್ತಿಲ್ಲ ಅಂದೆ. ತುತ್ತು ಕೈಯಲ್ಲೇ ಹಿಡಿದು ನನ್ನ ಮುಖ ನೋಡಿದಳು. "ಗೊತ್ತಿಲ್ಲ ಅಂದ್ರೆ? ಕೇಳು ಮತ್ತೆ!"

ಕೇಳುತ್ತಿದ್ದೇನೆ. ಸಂಜೆ ಯಾರ ಜೊತೆ ಮಾತಾಡುತ್ತೀಯ? ಊಟ ಹೊತ್ತಿಗೆ ಸರಿಯಾಗಿ ಮಾಡುತ್ತೀಯಾ, ಇಲ್ಲ ಮಷೀನಿನ ಮುಂದೆಯೇ ಏನಾದರೂ ಬಾಯಿಗೆ ಹಾಕಿಕೊಂಡು ಮುಗಿಸುತ್ತೀಯಾ? ನಾವು ಹೊರಟ ದಿನ ನೀನು ಬಾಗಿಲಲ್ಲಿ ನಿಂತು ನಗುತ್ತಾ ಕೈ ಬೀಸಿದೆ. ಬಸ್ಸು ತಿರುಗುವವರೆಗೂ ನಾನು ನೋಡಿದೆ, ನೀನು ನಗುತ್ತಲೇ ಇದ್ದೆ. ಅದು ನಗುವೇ ಆಗಿತ್ತಾ, ಸೂಜಿ? ನಾನು ಕಂಡದ್ದನ್ನು ಈಗ ನಾನೇ ನಂಬುವುದಿಲ್ಲ. ನೀನು ಹೇಳು.

ಅಕ್ಕ